ಯರಗುಪ್ಪಿಯ ಒಲೆ ಮತ್ತು ಅಂಜೂರಿಯ ಕನ್ನಡ

ಮೊನ್ನೆ ನಮ್ಮ ಓಣಿಯ ಅಂಗಡಿಗೆ ಹೋಗಿ ‘ಮೈಗೆ ಹಚ್ಚೋ ಸಾಬೂನು ಒಂದು ಕೊಡ್ರಿ’ ಎಂದೆ. ಅಂಗಡಿಯವರು ನನಗಿಂತ ಮೂವತ್ತು ವರ್ಷ ಚಿಕ್ಕವರು; ಪಾಠ ಹೇಳುವ ಹೆಂಗಸರನ್ನು ಕರೆಯುವಂತೆ ನನ್ನನ್ನು ಬಾಯಾರು ಎಂದೇ ಕರೆಯುತ್ತಾರೆ. ‘ಸಾಬೂನು ಅಂತ ಕೇಳಿ ಭಾಳ ದಿನ ಆಗಿತ್ರಿ ಬಾಯಾರ. ನಮ್ಮಜ್ಜಿ ಅಂತಿದ್ಲು’ ಎಂದು ನಕ್ಕು ಸೋಪು ಕೊಟ್ಟರು.

ನನಗೆ ಸೋಪು ಎನ್ನಲು ಬರುವುದಿಲ್ಲವೆಂದು ತಿಳಿಯಬೇಡಿ. ಧಾರವಾಡದಲ್ಲಿ ಗೃಹವಿಜ್ಞಾನ ಓದಿ, ಮುಂದೆ ಅದನ್ನೇ ಇಂಗ್ಲಿಷಿನಲ್ಲಿ ಕಲಿಸಿ ನಿವೃತ್ತಳಾದವಳು ನಾನು. ಆದರೂ ಈ ಸಾಬೂನು ನನ್ನ ಬಾಯಿ ಬಿಟ್ಟು ಹೋಗಿಲ್ಲ. ತಮಾಷೆಯೆಂದರೆ, ನಾನು ಸಣ್ಣವಳಿದ್ದಾಗ ನಮ್ಮ ಮನೆಯಲ್ಲಿ ಇಂಥ ಶಬ್ದಗಳಿಗೆ ಹೊಸ್ತಿಲು ದಾಟುವ ಅಪ್ಪಣೆಯೇ ಇರಲಿಲ್ಲ.

ನಮ್ಮಪ್ಪ ಅಣ್ಣಿಗೇರಿಯ ಕನ್ನಡ ಶಾಲೆಯಲ್ಲಿ ಹೆಡ್‌ಮಾಸ್ತರರಾಗಿದ್ದರು. ಶುದ್ಧ ಕನ್ನಡದ ಹುಚ್ಚು. ನಾನು ‘ಕಲಮು’ ಎಂದರೆ ‘ಲೇಖನಿ’ ಎಂದು ಪಾಟಿಯ ಮೇಲೆ ಹತ್ತು ಸಲ ಬರೆಯಬೇಕು. ‘ಖಬರು’ ಎಂದರೆ ‘ವಾರ್ತೆ’ ಎಂದು ಹತ್ತು ಸಲ. ಅವ್ವ ಕಸ ಗುಡಿಸುತ್ತ ‘ಸ್ವಲ್ಪ ಬಾಜು ಸರೀರಿ’ ಎಂದರೆ ಅಪ್ಪ ಕುಳಿತಲ್ಲಿಂದಲೇ ‘ಪಕ್ಕಕ್ಕೆ’ ಎಂದು ತಿದ್ದುತ್ತಿದ್ದರು. ಅವ್ವ ತಿದ್ದಿಕೊಳ್ಳಲಿಲ್ಲ, ಅಪ್ಪನ ಕಾಲ ಮೇಲೆ ಕಸಬರಿಗೆ ಆಡಿಸಿ ಮುಂದೆ ಹೋಗುತ್ತಿದ್ದಳು. ತಿದ್ದಿಕೊಂಡವಳು ನಾನೊಬ್ಬಳೇ. ಎಷ್ಟು ತಿದ್ದಿಕೊಂಡೆನೆಂದರೆ, ಮೆಟ್ರಿಕ್ ಮುಗಿಯುವ ಹೊತ್ತಿಗೆ ನನ್ನ ಮಾತು ಪಠ್ಯಪುಸ್ತಕ ಎದ್ದು ನಿಂತು ಮಾತಾಡಿದಂತೆ ಇರುತ್ತಿತ್ತು. ಪ್ರಬಂಧ ಸ್ಪರ್ಧೆಗಳಲ್ಲಿ ಬಹುಮಾನಗಳು ಬಂದವು. ‘ನಮ್ಮ ಗ್ರಾಮಗಳ ಉನ್ನತಿ’ ಎಂಬ ವಿಷಯದ ಮೇಲೆ ಎರಡು ಸಲ ಬಂದಿತು. ಗ್ರಾಮಗಳನ್ನು ಎಲ್ಲಿ ನೋಡಿದ್ದೆ ಎಂದು ಯಾರೂ ಕೇಳಲಿಲ್ಲ. ನಮ್ಮ ಮನೆ ದಲಾಲಿ ಅಂಗಡಿಗಳ ಹಿಂದಿನ ಬೀದಿಯಲ್ಲಿತ್ತು. ಜೋಳ, ಕಡಲೆ ಮಾರಲು ಬಂದವರು ತಮ್ಮ ಚೀಲಗಳ ಮೇಲೆ ಕುಳಿತು ಬುತ್ತಿ ಬಿಚ್ಚುವುದನ್ನು ಕಿಟಕಿಯಿಂದ ನೋಡಿದ್ದೆ. ನನ್ನ ಗ್ರಾಮಜ್ಞಾನ ಅಷ್ಟೇ.

ಎಪ್ಪತ್ತರ ದಶಕದ ನಡುವೆ ಧಾರವಾಡದ ಕಾಲೇಜಿಗೆ ಸೇರಿದಾಗ ಹಾಸ್ಟೆಲಿನಲ್ಲಿ ನನ್ನ ಕೋಣೆಗೆ ಬಂದವಳು ಕೀನ್ಯಾ ದೇಶದ ವಂಜಿರು. ಎತ್ತರದ ಹುಡುಗಿ, ಸಣ್ಣಗೆ ಹೆಣೆದ ಕೂದಲು, ನಗು ಬಂದರೆ ಹಾಸಿಗೆಯ ಮೇಲೆ ಉರುಳಿಬಿಡುವ ಸ್ವಭಾವ. ಅವಳ ಊರು ಗುಡ್ಡದ ಮೇಲಿನ ಹಳ್ಳಿಯಂತೆ, ತಾಯಿ ಹೊಲ ಮಾಡುತ್ತಿದ್ದಳಂತೆ. ಅವರ ಸರಕಾರ ಅವಳನ್ನು ಕಲಿಯಲು ಕಳಿಸಿದ್ದೇ ಮರಳಿ ಹೋಗಿ ಹಳ್ಳಿಯ ಹೆಂಗಸರ ನಡುವೆ ಕೆಲಸ ಮಾಡಲೆಂದು. ಬೇರೆ ಹುಡುಗಿಯರು ಅವಳ ಜೊತೆ ಕೋಣೆ ಹಂಚಿಕೊಳ್ಳಲು ಹಿಂಜರಿದರು. ನಾನು ಒಪ್ಪಿದೆ. ಒಪ್ಪಿದ್ದಕ್ಕೆ ನನ್ನ ಬಗ್ಗೆ ನನಗೆ ಬಹಳ ಗೌರವ ಹುಟ್ಟಿತು. ಅಷ್ಟೇ ಸಾಲದೆಂದು, ಅವಳಿಗೆ ಕನ್ನಡ ಕಲಿಸುವ ಕೆಲಸವನ್ನೂ ಹಚ್ಚಿಕೊಂಡೆ. ‘ತಮ್ಮ ಶುಭನಾಮವೇನು?’ ‘ನಾನು ಲೇಖನಿಯಿಂದ ಬರೆಯುತ್ತೇನೆ.’ ‘ಇಂದಿನ ವಾರ್ತೆಯೇನು?’ ಅವಳು ಶ್ರದ್ಧೆಯಿಂದ ಉರು ಹೊಡೆದಳು. ಎರಡು ವರ್ಷ ಹೀಗೆ ಕಲಿತು ಒಂದು ದಿನ ಧಾರವಾಡದ ಸಂತೆಗೆ ಹೋಗಿ ಬದನೆಕಾಯಿ ಮಾರುವವಳ ಶುಭನಾಮ ಕೇಳಿದಳಂತೆ. ಆಕೆ ಗಾಬರಿಯಾಗಿ ಬುಟ್ಟಿ ಮುಚ್ಚಿದಳಂತೆ.

ಕೊನೆಯ ವರ್ಷ ನಮಗೆ ಆರು ವಾರ ಹಳ್ಳಿವಾಸ. ಇಬ್ಬಿಬ್ಬರಂತೆ ಒಂದೊಂದು ಹಳ್ಳಿಯಲ್ಲಿ ಇದ್ದು, ಅಲ್ಲಿಯ ಹೆಂಗಸರಿಗೆ ಪೌಷ್ಟಿಕ ಆಹಾರ, ಶುಚಿತ್ವ ಕಲಿಸಿ, ಕಡೆಗೆ ಐದು ಮನೆಗಳಲ್ಲಾದರೂ ಹೊಗೆಯಿಲ್ಲದ ಒಲೆ ಹಾಕಿಸಬೇಕು. ಪರೀಕ್ಷೆ ಅಲ್ಲಿಯೇ, ಹಳ್ಳಿಯಲ್ಲೇ. ನಮ್ಮ ವಿಭಾಗದ ಮುಖ್ಯಸ್ಥೆ ಕಮಲಾ ಮೇಡಂ ನನ್ನನ್ನು ಕರೆದರು. ಬಿಗಿ ತುರುಬು, ಬಿಗಿ ಮಾತು.

‘ನಿಮ್ಮಿಬ್ಬರಿಗೂ ಯರಗುಪ್ಪಿ ಹಾಕೇನಿ’ ಎಂದರು. ‘ಹೋದ ವರ್ಷದ ಹುಡುಗ್ಯಾರು ಅಲ್ಲಿಂದ ಅಳಕೋತ ಬಂದಾರ. ಒಲಿ ಹಾಕಿಸಿ ಬಂದ್ರು, ಒಬ್ರೂ ಹಚ್ಚಲಿಲ್ಲ. ನಿನ್ನ ಗೆಳತಿ ವಂಜಿರುಗ ಆಗತದೋ ಇಲ್ಲೋ, ನನಗ ಧೈರ್ಯ ಇಲ್ಲ. ಇಲ್ಲೇ ಲೈಬ್ರರಿಯೊಳಗ ಕೂಡಿಸಿ ಒಂದು ಪ್ರಬಂಧ ಬರಸಲೇನು? ನೀನು ಆಕಿನ್ನ ಬಲ್ಲಾಕಿ. ಹೇಳು.’

ಹಳ್ಳಿವಾಸವಿಲ್ಲದ ಪದವಿ ತೆಗೆದುಕೊಂಡು ಹೋದರೆ ವಂಜಿರುವಿಗೆ ಅಲ್ಲಿ ಆ ಕೆಲಸ ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೆ ನನ್ನ ತಲೆಯಲ್ಲಿ ಇದ್ದದ್ದು, ಅವಳು ಜೊತೆಗಿದ್ದರೆ ತಪ್ಪಿಹೋಗಬಹುದಾದ ನನ್ನ ಮೊದಲ ದರ್ಜೆ. ‘ಆಕೆಗೆ ಬಹಳ ಕಷ್ಟವಾಗುತ್ತದೆ ಮೇಡಂ. ಆಕೆ ಇಲ್ಲಿಯೇ ಇರುವುದು ಒಳ್ಳೆಯದು’ ಎಂದೆ, ನನ್ನ ಸ್ಫುಟವಾದ ಕನ್ನಡದಲ್ಲಿ.

ಮೇಡಂ ಎದುರಿಗಿದ್ದ ಹಳ್ಳಿಗಳ ಪಟ್ಟಿ ಮಡಚಿದರು. ‘ಎಂಟು ದಿನ ಹೋಗಿ ಬರ್ಲಿ. ಎಂಟನೇ ದಿನ ನೀನು ನನಗ ಪತ್ರ ಬರೀ. ಆಗೂದಿಲ್ಲ ಅಂದ್ರ ವಾಪಸ್ ಕರಸ್ಕೊತೇನಿ.’

ಹೀಗೆ ಒಬ್ಬ ಗೆಳತಿಯ ಹಣೆಬರಹ ನನ್ನ ಕೈಗೆ ಬಂದಿತು. ನಾನದನ್ನು ಅವಳಿಗೆ ಹೇಳಲಿಲ್ಲ.

ಹುಬ್ಬಳ್ಳಿಯಿಂದ ಕುಂದಗೋಳದ ಮೇಲೆ ಬಸ್ಸು. ಜನವರಿಯ ಮೊದಲ ವಾರ, ಹೊಲದ ತುಂಬ ಹತ್ತಿ ಒಡೆದಿತ್ತು, ಮೆಣಸಿನಕಾಯಿ ಕಣಗಳು ಕೆಂಪಗೆ ಹರಡಿದ್ದವು. ನಮಗೆ ಇರಲು ಕೊಟ್ಟದ್ದು ನೀಲವ್ವನ ಮನೆಯ ಪಡಸಾಲೆಯ ಪಕ್ಕದ ಕೋಣೆ. ನೀಲವ್ವ ನಲವತ್ತರ ಸುಮಾರಿನ ಗಟ್ಟಿ ಹೆಂಗಸು, ಮಾತು ಕೊಡಲಿಯಂತೆ. ಗಂಡ ಹಗಲೆಲ್ಲ ಹೊಲದಲ್ಲಿ ಇರುತ್ತಿದ್ದ. ಮನೆಯಲ್ಲಿ ಅವಳ ಅತ್ತೆ ಇದ್ದಳು. ಒಲೆಯ ಮುಂದೆ ಐವತ್ತು ವರ್ಷ ಕುಳಿತು ಆ ಮುದುಕಿಯ ಕಣ್ಣು ಕೆಂಪಾಗಿ, ಯಾವಾಗಲೂ ನೀರು ಸುರಿಯುತ್ತಿತ್ತು. ಸೆರಗಿನಿಂದ ಒರೆಸುವುದೇ ಅವಳ ಉಸಿರಾಟದಂತೆ ಆಗಿತ್ತು. ಬಂದವರ ಮುಖ ಸರಿಯಾಗಿ ಕಾಣದ್ದರಿಂದ ನಮ್ಮಿಬ್ಬರ ಅಂಗೈ ಹಿಡಿದು ಸವರಿ ನೋಡಿದಳು.

‘ಈಕಿ ದುಡದಾಕಿ’ ಎಂದಳು ವಂಜಿರುವಿನ ಕೈ ಹಿಡಿದು. ನನ್ನ ಕೈ ಹಿಡಿದು, ‘ಈಕಿ ಯಾರೋ ಸಾಲಿ ಬಾಯಾರು ಇರಬೇಕು’ ಎಂದಳು.

ಹೆಸರು ಹೇಳಿದಾಗ ವಂಜಿರು ಅವಳ ಬಾಯಲ್ಲಿ ಅಂಜೂರಿ ಆಯಿತು. ಅಂಜೂರ ಹಣ್ಣು ಏನೆಂದು ನಾನು ವಂಜಿರುವಿಗೆ ತಿಳಿಸಿ ಹೇಳಿದೆ. ಹಣ್ಣಿನ ಹೆಸರು ಸಿಕ್ಕಿತಲ್ಲ ಎಂದು ಅವಳು ಹಿಗ್ಗಿದಳು. ಮರುದಿನದಿಂದ ಊರಿಗೆಲ್ಲ ಅವಳು ಅಂಜೂರಿ.

ನನ್ನ ತಪ್ಪುಗಳನ್ನು ಈಗ ಒಂದೊಂದಾಗಿ ಒಪ್ಪಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಹೊರಗಿನವರ ಅಡಿಗೆ ಉಣ್ಣುವ ರೂಢಿ ಇರಲಿಲ್ಲ. ನಾನು ಟ್ರಂಕಿನಲ್ಲಿ ಸೀಮೆಎಣ್ಣೆಯ ಸ್ಟೋವು, ಅಕ್ಕಿ, ಬೇಳೆ ತಂದಿದ್ದೆ. ಕೋಣೆಯ ಬಾಗಿಲು ಮುಂದಕ್ಕೆ ಮಾಡಿಕೊಂಡು ಅನ್ನ ಬೇಯಿಸಿಕೊಳ್ಳುತ್ತಿದ್ದೆ. ನೀಲವ್ವ ಕೇಳಿದಾಗ ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿದೆ. ಅವಳು ನಂಬಿದಳೆಂದುಕೊಂಡೆ. ದಿನಾ ಬೆಳಿಗ್ಗೆ ಒಂದು ಮುಷ್ಟಿ ಅಜವಾನ ತಂದು ಕೊಟ್ಟು, ನಾನು ಅಗಿಯುವ ತನಕ ಎದುರಿಗೇ ನಿಲ್ಲುತ್ತಿದ್ದಳು. ನೆಟ್ಟಗಿದ್ದ ಹೊಟ್ಟೆ ಅಜವಾನ ತಿಂದೇ ಕೆಟ್ಟಿತು.

ಕಾಲೇಜಿನ ವೇಳಾಪಟ್ಟಿಯ ಪ್ರಕಾರ ಬೆಳಿಗ್ಗೆ ಹತ್ತಕ್ಕೆ ಪ್ರಾತ್ಯಕ್ಷಿಕೆ. ಹತ್ತಿ ಬಿಡಿಸುವ ಕಾಲದಲ್ಲಿ ಬೆಳಿಗ್ಗೆ ಹತ್ತಕ್ಕೆ ಊರಲ್ಲಿ ಯಾವ ಹೆಂಗಸು ಇರುತ್ತಾಳೆ? ನಾನು ಗುಡಿಯ ಕಟ್ಟೆಗೆ ‘ಸಮತೋಲನ ಆಹಾರ’ದ ಪಟ ತೂಗುಹಾಕಿ, ಕೋಲು ಹಿಡಿದು ನಿಂತೆ. ಕೇಳಲು ಇದ್ದವರು ನೀಲವ್ವನ ಅತ್ತೆ ಮತ್ತು ಯಾರದೋ ಒಂದು ಆಡು. ಪಟದಲ್ಲಿ ಸೇಬು, ಕಿತ್ತಳೆ, ಗಾಜಿನ ಲೋಟದಲ್ಲಿ ಹಾಲು ಇದ್ದವು. ಅರ್ಧ ಗಂಟೆ ಜೀವಸತ್ವಗಳ ಬಗ್ಗೆ ಹೇಳಿದೆ. ಮುಗಿದ ಮೇಲೆ ಮುದುಕಿ, ‘ಚಲೋ ಹೇಳಿದ್ರಿ. ಪುರಾಣ ಯಾವುದ್ರಿ ಇದು?’ ಎಂದಳು.

ಅಂಜೂರಿ ಈ ಹೊತ್ತಿಗೆ ಏನು ಮಾಡುತ್ತಿದ್ದಳು ಎಂದರೆ, ನೀಲವ್ವನ ಬೆನ್ನು ಹಿಡಿದು ಹೊಲಕ್ಕೆ ಹೋಗಿ ಹತ್ತಿ ಬಿಡಿಸುತ್ತಿದ್ದಳು. ಅವಳಿಗೇನೂ ಎಲ್ಲವೂ ಸಲೀಸಾಗಿ ಬರಲಿಲ್ಲ. ಖಾರ ತಡೆಯದೆ ಕಣ್ಣೀರು ಹಾಕಿದಳು. ಮೂರನೆಯ ದಿನ ಊರಿನ ನೆನಪಾಗಿ ಹಿತ್ತಲಲ್ಲಿ ಕುಳಿತು ಅತ್ತಳು. ಹೆಂಗಸರು ಅವಳ ಕೂದಲು ಮುಟ್ಟಿ ಮುಟ್ಟಿ ನೋಡಿದಾಗ ಸಿಟ್ಟಾಗಿ ತಲೆಗೆ ಬಟ್ಟೆ ಕಟ್ಟಿಕೊಂಡಳು. ನೀಲವ್ವನೇ ಅವರನ್ನು ಗದರಿಸಿದಳು. ಮಾತಿನಲ್ಲಂತೂ ದಿನಕ್ಕೊಂದು ಅನಾಹುತ. ಹೆಂಗಸರು ಒಬ್ಬರಿಗೊಬ್ಬರು ‘ಎಲ್ಲಿ ಹೊಂಟಿ ಬೇ?’ ಎನ್ನುವುದನ್ನು ಕೇಳಿ ಕಲಿತು, ಎದುರಿಗೆ ಬಂದ ಊರ ಗೌಡರಿಗೆ ‘ಎಲ್ಲಿ ಹೊಂಟಿ ಬೇ?’ ಎಂದುಬಿಟ್ಟಳು. ದೊಡ್ಡ ಮೀಸೆಯ ಮನುಷ್ಯ ದಾರಿಯಲ್ಲೇ ನಿಂತ. ನೀರಿಗೆ ಹೊರಟಿದ್ದ ಹೆಂಗಸರು ಕೊಡ ಕೆಳಗಿಟ್ಟು ನಗತೊಡಗಿದರು. ನಾನಾಗಿದ್ದರೆ ಆ ದಿನವೇ ಬಸ್ಸು ಹತ್ತುತ್ತಿದ್ದೆ. ಅಂಜೂರಿ ಎಲ್ಲರಿಗಿಂತ ಹೆಚ್ಚು ನಕ್ಕು, ‘ಏನು ತಪ್ಪು? ನನಗೆ ಹೇಳಿ’ ಎಂದು ಕೇಳಿದಳು.

‘ಬೇ ಅನ್ನೂದು ನಮಗ. ಗಂಡಸರಿಗೆ ರೀ ಹಚ್ಚಬೇಕು’ ಎಂದಳು ನೀಲವ್ವ.

‘ಎಲ್ಲಿ ಹೊಂಟೀರಿ?’ ಎಂದು ಅಂಜೂರಿ ಮತ್ತೆ ಕೇಳಿದಳು.

‘ಹೊಲಕ್ಕ ಹೊಂಟೇನವಾ’ ಎಂದರು ಗೌಡರು, ಮೀಸೆಯ ಅಡಿಯಲ್ಲಿ ನಗುತ್ತ.

ಆರನೆಯ ದಿನ ಸಾಬೂನಿನ ಪ್ರಸಂಗ. ನೀಲವ್ವ ಹಿತ್ತಲಲ್ಲಿ ಬಟ್ಟೆ ಒಗೆಯಲು ಕುಳಿತವಳು ಒಳಗೆ ಕೂಗಿದಳು, ‘ಅಂಜೂರಿ, ಮಾಡದಾಗ ಸಾಬೂನ ಐತಿ, ತಗೊಂಡ ಬಾ.’ ನಾನು ಅನುವಾದಿಸಲು ಬಾಯಿ ತೆರೆಯುವಷ್ಟರಲ್ಲಿ ಅಂಜೂರಿ ಎದ್ದು ಹೋಗಿ, ಮಾಡದಿಂದ, ಅಂದರೆ ಗೋಡೆಯ ಗೂಡಿನಿಂದ, ಸಾಬೂನು ತಂದು ಅವಳ ಕೈಗೆ ಕೊಟ್ಟಳು. ನಿನಗೆ ಹೇಗೆ ತಿಳಿಯಿತು ಎಂದು ಕೇಳಿದೆ.

‘ಸಬುನಿ’ ಎಂದಳು. ‘ನಮ್ಮಲ್ಲಿ ಸ್ವಾಹಿಲಿಯಲ್ಲಿ ಅದು ಸಬುನಿ.’

ಆಮೇಲೆ ಇಬ್ಬರೂ ಹಿತ್ತಲ ಕಟ್ಟೆಯ ಮೇಲೆ ಕುಳಿತು ಲೆಕ್ಕ ಹಾಕಿದೆವು. ಕಲಮು ಅವರಲ್ಲಿ ಕಲಾಮು. ಖಬರು ಹಬಾರಿ. ಹಿಶೇಬು ಹೆಸಾಬು. ಮೇಜು ಮೇಜಾ. ದುಕಾನು ದುಕಾ. ಗಾಡಿ ಗಾರಿ. ದುನಿಯಾ ದುನಿಯಾನೇ. ಸಮುದ್ರದ ಆಚೆಗೂ ಈಚೆಗೂ ಅರಬರೋ ಗುಜರಾತಿಗಳೋ ಹಡಗಿನಲ್ಲಿ ಹೊತ್ತು ಹಂಚಿಹೋದ ಮಾತುಗಳು. ನೀಲವ್ವನಿಗೆ ಹೇಳಿದಾಗ ಅವಳು ಬಟ್ಟೆ ಹಿಂಡುವುದನ್ನು ಬಿಟ್ಟು, ‘ಅಂದ್ರ ಅರ್ಧ ಕನ್ನಡ ಹುಟ್ಟಿದ ಊರಾಗ ಕಲ್ತ ಬಂದಾಳಲ್ಲ ಈಕಿ’ ಎಂದಳು.

ಅಂಜೂರಿ ನನ್ನನ್ನು ನೋಡಿದಳು. ‘ಎರಡು ವರ್ಷದಲ್ಲಿ ಈ ಶಬ್ದಗಳಲ್ಲಿ ಒಂದನ್ನೂ ನೀನು ನನಗೆ ಹೇಳಿಕೊಡಲಿಲ್ಲ’ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ದೂರಿನ ದನಿ ಇರಲಿಲ್ಲ. ನಿಜವಾಗಿ ಆಶ್ಚರ್ಯಪಟ್ಟಿದ್ದಳು. ಹೌದು, ನಾನು ಕೊಟ್ಟಿದ್ದು ಲೇಖನಿ, ವಾರ್ತೆ. ಅವಳಿಗೆ ಮೊದಲೇ ಗೊತ್ತಿದ್ದ ಕನ್ನಡವನ್ನೆಲ್ಲ ಸೋಸಿ ತೆಗೆದು, ಗೊತ್ತಿಲ್ಲದ್ದನ್ನು ಮಾತ್ರ ಆರಿಸಿ ಕಲಿಸಿದ್ದೆ.

ಏಳನೆಯ ದಿನ ಮಧ್ಯಾಹ್ನ ನೀಲವ್ವ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕುಳಿತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ.

‘ನೀವು ಯಾವ ದೇಶದವ್ರು ಬಾಯಾರ?’ ಎಂದು ಕೇಳಿದಳು.

‘ನಾನೇ? ನಾನು ಅಣ್ಣಿಗೇರಿಯವಳು.’

ಅವಳ ಕೈ ನಿಂತಿತು. ‘ಇಲ್ಲೇ ಅಣ್ಣಿಗೇರಿ? ನಮ್ಮ ತಂಗೀನ ಕೊಟ್ಟ ಊರು?’

‘ಹೌದು.’

‘ಹೌದೇನ್ರಿ. ನಾ ಏನೋ ಭಾಳ ದೂರದಾಕಿ ಅಂದ್ಕೊಂಡಿದ್ನಿ. ನಿಮ್ಮ ಮಾತು ನಮಗ ತಿಳಿಯೂದಿಲ್ಲ. ನಮ್ಮ ಒಲಿ ಮುಂದ ನೀವು ಕುಂಡ್ರೂದಿಲ್ಲ. ಹೊಟ್ಟಿಬ್ಯಾನಿ ಅಂತೀರಿ, ಬಾಗಲಾ ಹಾಕ್ಕೊಂಡು ಅನ್ನ ಉಣ್ತೀರಿ. ಅಂಜೂರಿ ಈ ಕಡೇಕಿ, ನೀವು ಆ ಕಡೇಕಿ, ಹಂಗ ಆಗೇತಿ ನಮ್ಮತ್ತಿಗೆ.’

ಮಾತಿನಲ್ಲಿ ಕೊಂಕು ಇರಲಿಲ್ಲ. ಅದೇ ಹೆಚ್ಚು ನಾಟಿತು. ಅಲ್ಲಿಂದ ಅಣ್ಣಿಗೇರಿ ಒಂದು ಹಗಲಿನ ಗಾಡಿ ದಾರಿ. ಸಂಜೆ ಅಡಿಗೆಮನೆಗೆ ಹೋಗಿ ನೀಲವ್ವನ ಎದುರು ಮಣೆಯಿಲ್ಲದೆ ನೆಲದ ಮೇಲೆ ಕುಳಿತು, ‘ನನಗೆ ಹೊಟ್ಟೆಬೇನೆ ಇಲ್ಲ. ಸುಳ್ಳು ಹೇಳಿದ್ದೆ’ ಎಂದೆ.

ನೀಲವ್ವ ಬುಟ್ಟಿಯಿಂದ ರೊಟ್ಟಿ ತೆಗೆದು, ಮೇಲೆ ಬದನೆಕಾಯಿ ಪಲ್ಯ ಹಾಕಿ ನನ್ನ ಕೈಗೆ ಕೊಟ್ಟಳು. ‘ಗೊತ್ತಿತ್ತು. ಅಜವಾನ ಯಾಕ ತಿನಸಿದ್ನಿ ಅಂದ್ಕೊಂಡಿ?’ ಎಂದಳು. ಬಹುವಚನ ಹೋಗಿತ್ತು. ಅಷ್ಟು ರುಚಿಯಾದ ಏಕವಚನವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಎಂಟನೆಯ ದಿನ ಪತ್ರ ಬರೆಯಲು ಕುಳಿತೆ. ಬರೆಯುವ ಮೊದಲು ಅಂಜೂರಿಗೆ ಎಲ್ಲವನ್ನೂ ಹೇಳಿದೆ: ಮೇಡಂ ಕೇಳಿದ್ದು, ನಾನು ಕೊಟ್ಟ ಉತ್ತರ, ಈ ಪತ್ರ.

‘ನನಗೆ ಗೊತ್ತು. ಆ ದಿನ ನಾನು ಬಾಗಿಲ ಹೊರಗೇ ನಿಂತಿದ್ದೆ’ ಎಂದಳು ಅವಳು. ‘ನಿನ್ನ ಕನ್ನಡ ಬಹಳ ಸ್ಪಷ್ಟ. ನೀನೇ ಕಲಿಸಿದ್ದಲ್ಲವೇ, ಒಂದು ಮಾತೂ ಬಿಡದೆ ತಿಳಿಯಿತು.’

‘ಮತ್ತೆ ನನ್ನ ಮೇಲೆ ಸಿಟ್ಟಾಗಲಿಲ್ಲವೇ?’

‘ಆಗಿತ್ತು. ಈಗಲೂ ಸ್ವಲ್ಪ ಇದೆ. ಆದರೆ ನನಗೆ ಇದ್ದದ್ದು ಎಂಟು ದಿನ. ಸಿಟ್ಟು ಮಾಡಿಕೊಂಡು ಕೂತರೆ ಹತ್ತಿ ಬಿಡಿಸುವವರು ಯಾರು?’

ನಾನು ಮೇಡಂಗೆ ನಾಲ್ಕೇ ಸಾಲು ಬರೆದೆ. ವಂಜಿರು ಇಲ್ಲಿ ಇರಬೇಕು, ಅವಳಿಲ್ಲದೆ ಇಲ್ಲಿ ಕೆಲಸವಾಗುವುದಿಲ್ಲ. ನಾನು ಅಂದು ಹೇಳಿದ್ದು ತಪ್ಪು, ನನ್ನ ಅನುಕೂಲಕ್ಕೆ ಹೇಳಿದ್ದು. ವಾಪಸು ಕರೆಸಿಕೊಳ್ಳಬೇಕಾದರೆ ನನ್ನನ್ನು ಕರೆಸಿಕೊಳ್ಳಿ. ಐದು ದಿನಕ್ಕೆ ಕಾರ್ಡು ಬಂತು. ‘ಇಬ್ಬರೂ ಅಲ್ಲೇ ಇರಿ. ಒಲೆ ಏನಾಯಿತು?’ ಎಂದಷ್ಟೇ ಇತ್ತು.

ಒಲೆ ಏನೂ ಆಗಿರಲಿಲ್ಲ. ಹಿಂದಿನ ವರ್ಷ ಹಾಕಿದ್ದರಲ್ಲಿ ಒಂದು ನೀಲವ್ವನ ಅಡಿಗೆಮನೆಯಲ್ಲೇ ಇತ್ತು. ಅದರೊಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. ಯಾಕೆ ಹಚ್ಚಲಿಲ್ಲವೆಂದು ಹಿಂದಿನವರು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಂಜೂರಿ ಕೇಳಿದಳು: ‘ನೀಲವ್ವಾ, ಈ ಒಲಿ ಯಾಕ ಒಲ್ಲಿ?’

‘ರೊಟ್ಟಿ ಬಡೀ ಬಾ, ತಿಳೀತೈತಿ’ ಎಂದಳು ನೀಲವ್ವ.

ಇಬ್ಬರನ್ನೂ ಹಿಟ್ಟಿನ ಮುಂದೆ ಕೂಡಿಸಿದಳು. ಮನೆಯಲ್ಲಿ ಓದುವ ಹುಡುಗಿಯೆಂದು ಅವ್ವ ನನಗೆ ರೊಟ್ಟಿ ಬಡಿಯಲು ಬಿಟ್ಟಿರಲೇ ಇಲ್ಲ. ನನ್ನದು ಎತ್ತುವಾಗ ಮೂರು ಭಾಗವಾಯಿತು, ಅಂಜೂರಿಯದು ಎರಡು. ಮುದುಕಿ ಬೆರಳಿನಿಂದ ಎಣಿಸಿ ಅಂಜೂರಿಯನ್ನು ಗೆಲ್ಲಿಸಿದಳು. ಆ ಹೊಗೆಯಲ್ಲಿ ಕಣ್ಣೀರು ಸುರಿಸುತ್ತ ಕುಳಿತಾಗ ಕಾರಣ ತಾನಾಗಿಯೇ ಕಂಡಿತು. ಜೋಳದ ರೊಟ್ಟಿ ಹಂಚಿನ ಮೇಲೆ ಅರ್ಧ ಬೆಂದ ಮೇಲೆ, ಒಲೆಯ ಬಾಯಿಗೆ ಕೆಂಡ ಎಳೆದು, ಅದಕ್ಕೆ ಆನಿಸಿ ನಿಲ್ಲಿಸಬೇಕು. ಆಗಲೇ ಅದು ಉಬ್ಬುವುದು. ಕಾಲೇಜಿನ ಒಲೆಗೆ ಇಲಿಯ ಬಿಲದಂಥ ಬಾಯಿ. ರೊಟ್ಟಿ ನಿಲ್ಲಿಸಲು ಜಾಗವೇ ಇಲ್ಲ. ಅದನ್ನು ಮಾಡಿದವರು ಚಪಾತಿ ಉಣ್ಣುವ ಸೀಮೆಯವರು.

‘ಹಂಗಾದ್ರ ಬಾಯಿ ಅಗಲ ಮಾಡೂಣು’ ಎಂದಳು ಅಂಜೂರಿ.

ಕೈಪಿಡಿ ನನ್ನ ಕೈಯಲ್ಲಿತ್ತು. ಅದರ ಅಳತೆ ಬದಲಿಸಬಾರದೆಂದು ಮೊದಲ ಪುಟದಲ್ಲೇ ಅಚ್ಚಾಗಿತ್ತು. ನಾನು ಪುಟ ತೋರಿಸಿದೆ. ನೀಲವ್ವ ಅದನ್ನು ಗಂಭೀರವಾಗಿ ನೋಡಿ, ‘ಇದನ್ನ ಬರದಾಂವ ರೊಟ್ಟಿ ಬಡೀತಾನೇನು?’ ಎಂದಳು. ನಾನು ಕೈಪಿಡಿ ಮುಚ್ಚಿದೆ.

ಹೊಸ ಒಲೆಯ ಯಜಮಾನಿಕೆ ನೀಲವ್ವ ವಹಿಸಿಕೊಂಡಳು. ನಾವು ಕೂಲಿಗಳು. ಮೊದಲನೆಯದು ಒಣಗುವಾಗ ಸೀಳಿತು. ಹೊಲದ ಎರೆಮಣ್ಣು ಒಂದನ್ನೇ ಹಾಕಿದ್ದು ನನ್ನ ಬುದ್ಧಿ. ಕೆಂಪುಮಣ್ಣು, ಹೊಟ್ಟು, ಸಗಣಿ ಕೂಡಿಸಿ ಎರಡು ದಿನ ಕೊಳೆಹಾಕಿ ಮತ್ತೆ ಕಟ್ಟಿದೆವು. ಎರಡನೆಯದು ಸೀಳಲಿಲ್ಲ. ಆದರೆ ಅಗಲವಾದ ಬಾಯಿಂದ ಹೊಗೆಯೆಲ್ಲ ನಮ್ಮ ಮುಖಕ್ಕೇ ಬಂತು. ಅಂಜೂರಿ ಪಾಠದಲ್ಲಿ ಕಲಿತದ್ದನ್ನು ನೆನಪಿಸಿಕೊಂಡು, ಒಳಗಿನ ದಾರಿಯನ್ನು ಹಿಂದಕ್ಕೆ ಏರಾಗಿ ಮಾಡಬೇಕು, ಕೊಳವೆ ಎತ್ತರವಾಗಬೇಕು ಎಂದಳು. ಎತ್ತರ ಮಾಡಲು ಮಾಳಿಗೆ ಒಡೆಯಬೇಕು. ಮಣ್ಣಿನ ಮಾಳಿಗೆಗೆ ತೂತು ಕೊರೆಸಿಕೊಂಡು ಮಳೆಗಾಲದಲ್ಲಿ ತೊಯ್ಯಲು ಯಾರು ಒಪ್ಪುತ್ತಾರೆ? ನೀಲವ್ವ ತಲೆಯೆತ್ತಿ ನೋಡಿ, ‘ಬೆಳಕಿಂಡಿ ಐತಲ್ಲ’ ಎಂದಳು. ಬೆಳಕು ಬರಲೆಂದು ಮಾಳಿಗೆಯಲ್ಲಿ ಮೊದಲೇ ಬಿಟ್ಟ ಕಿಂಡಿ ಅದು. ಹತ್ತಿರದ ಸಂಶಿ ಊರಿನ ಸಂತೆಯಿಂದ ಕುಂಬಾರರ ಮಣ್ಣಿನ ಕೊಳವೆ ತಂದೆವು. ಒಂದರ ಮೇಲೊಂದು ಏರಿಸಿ ಕಿಂಡಿಯಿಂದ ಹೊರಗೆ ಹಾಯಿಸಿದೆವು.

ಮೂರನೆಯ ಒಲೆ ಹಚ್ಚಿದ್ದು ಒಂದು ಅಮಾವಾಸ್ಯೆಯ ಬೆಳಿಗ್ಗೆ. ಅಂದು ಎತ್ತಿಗೂ ಮನುಷ್ಯರಿಗೂ ಬಿಡುವು, ಊರವರೆಲ್ಲ ಮನೆಯಲ್ಲೇ ಇದ್ದರು. ನೀಲವ್ವ ಹತ್ತಿಕಟ್ಟಿಗೆ ಒಟ್ಟಿ ಬೆಂಕಿ ಇಟ್ಟಳು. ಹೊಗೆ ಒಂದು ಸಲ ನಮ್ಮ ಕಡೆ ತಿರುಗಿತು, ತಡವರಿಸಿತು. ಮರುಕ್ಷಣ ಯಾರೋ ಮೇಲಿನಿಂದ ಎಳೆದಂತೆ ಹಿಂದಕ್ಕೆ ಸರಿದು ಕೊಳವೆಯಲ್ಲಿ ಸರ್ರನೆ ಏರಿತು. ಅಷ್ಟರಲ್ಲಿ ಹೊರಗೆ ಗದ್ದಲ. ‘ನೀಲವ್ವನ ಮಾಳಿಗಿಗೆ ಬೆಂಕಿ ಹತ್ತೇತಿ, ಬರ್ರಿ’ ಎಂದು ಯಾರೋ ಕೂಗಿದರು. ಇಷ್ಟು ದಿನ ಕರೆದರೂ ಬಾರದಿದ್ದ ಹೆಂಗಸರು, ತುಂಬಿದ ಕೊಡ ಹೊತ್ತು, ಸೆರಗು ಸಿಕ್ಕಿಸಿಕೊಂಡು, ಅಡಿಗೆಮನೆಗೆ ನುಗ್ಗಿದರು. ನುಗ್ಗಿದವರು ಅಲ್ಲಲ್ಲೇ ನಿಂತರು.

ಒಲೆ ಧಗಧಗ ಉರಿಯುತ್ತಿತ್ತು. ಬಾಯಲ್ಲಿ ಒಂದು ರೊಟ್ಟಿ ಕೆಂಡಕ್ಕೆ ಆನಿಸಿಕೊಂಡು ಪೂರ್ತಿ ಉಬ್ಬಿ ನಿಂತಿತ್ತು. ಗೋಡೆಯ ಮೇಲಿನ ಪಾತ್ರೆಗಳ ಸಾಲು ಬೆಳಗಿನ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಒಲೆಯ ಮಗ್ಗುಲಲ್ಲೇ ಮುದುಕಿ ಕುಳಿತಿದ್ದಳು. ಅವಳ ಕೈ ರೂಢಿಯಂತೆ ಸೆರಗಿನ ತನಕ ಹೋಯಿತು. ಒರೆಸಲು ಏನೂ ಇರಲಿಲ್ಲ. ಕೈಯನ್ನು ಹಾಗೆಯೇ ತೊಡೆಯ ಮೇಲೆ ಇಟ್ಟುಕೊಂಡು, ‘ಬೆಂಕಿ ಆರಿತೇನ ನೀಲಾ?’ ಎಂದು ಕೇಳಿದಳು.

‘ಇಲ್ಲ ಅತ್ತಿ, ಉರಿಯಾಕತ್ತೇತಿ.’

‘ಮತ್ತ ಹೊಗಿ ಎಲ್ಲೈತಿ?’

ಕೊಡ ಹೊತ್ತವರಲ್ಲಿ ಒಬ್ಬಳು ಕೊಡ ಇಳಿಸಿ ನೀಲವ್ವನ ಪಕ್ಕದಲ್ಲಿ ಕುಳಿತಳು. ‘ನಮ್ಮನಿಗೆ ಯಾವಾಗ ಹಾಕ್ತಿ?’ ಎಂದಳು. ಹಿಂದಿನವಳು ‘ಮೊದಲ ನಂದು’ ಎಂದಳು. ಜಗಳ ಬಿಡಿಸಲು ಗೌಡರ ಹೆಂಡತಿ ಬರಬೇಕಾಯಿತು. ಬಂದವರು ತಮ್ಮ ಮನೆಯ ಹೆಸರನ್ನೇ ಮೊದಲು ಹಚ್ಚಿಸಿ ಹೋದರು.

ಪರೀಕ್ಷೆಯ ದಿನದ ಹೊತ್ತಿಗೆ ಹನ್ನೊಂದು ಮನೆಗಳ ಬೆಳಕಿಂಡಿಯಿಂದ ಹೊಗೆ ಏಳುತ್ತಿತ್ತು. ಕಮಲಾ ಮೇಡಂ ಜೊತೆ ಬಂದ ಹೊರಗಿನ ಪರೀಕ್ಷಕರು ಉತ್ತರ ಭಾರತದ ಕಡೆಯ ಹಿರಿಯ ಹೆಂಗಸು. ಕನ್ನಡ ಬಾರದು. ಒಲೆಯ ಮುಂದೆ ಬಗ್ಗಿ ನೋಡಿದವರೇ ಕೈಪಿಡಿ ತೆಗೆದು ಅಳತೆ ಹಿಡಿದರು. ಮುಖ ಬಿಗಿಯಾಯಿತು.

‘ಇದು ಕೈಪಿಡಿಯ ಒಲೆಯಲ್ಲ. ಬದಲಿಸಲು ನಿಮಗೆ ಅನುಮತಿ ಕೊಟ್ಟವರು ಯಾರು?’ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಕಮಲಾ ಮೇಡಂ ನಮ್ಮ ಕಡೆ ನೋಡಿದರು. ಅವರ ಮುಖದಲ್ಲಿ ನಮ್ಮ ಅಂಕಗಳು ಇಳಿಯುವುದು ಕಾಣುತ್ತಿತ್ತು. ಅಂಜೂರಿ ಬಾಗಿಲಲ್ಲಿ ನಿಂತಿದ್ದ ನೀಲವ್ವನ ಕಡೆ ತಿರುಗಿ, ಅಗದಿ ಯರಗುಪ್ಪಿಯ ಮಾತಿನಲ್ಲಿ, ‘ನೀಲವ್ವಾ, ಬಾಯಾರು ಕೇಳಾಕತ್ತಾರ. ಒಲಿ ಬದ್ಲಿ ಮಾಡಾಕ ಅಪ್ಪಣಿ ಕೊಟ್ಟವ್ರು ಯಾರು ಅಂತ’ ಎಂದಳು.

ಲೈಬ್ರರಿಯಲ್ಲಿ ಕೂಡಿಸಬೇಕೆಂದಿದ್ದ ಹುಡುಗಿಯ ಬಾಯಲ್ಲಿ ಆ ಮಾತು ಕೇಳಿ ಕಮಲಾ ಮೇಡಂ ಗೋಡೆಗೆ ಕೈ ಕೊಟ್ಟು ನಿಂತರು.

ನೀಲವ್ವ ಮುಂದೆ ಬಂದಳು. ‘ಅಪ್ಪಣಿ ಯಾರದು ಬೇಕಿತ್ರಿ? ಒಲಿ ನಂದು. ರೊಟ್ಟಿ ನಂದು. ಕಣ್ಣು ನಮ್ಮತ್ತಿದು. ಹೋದ ವರ್ಷ ಬಂದವ್ರು ಹೇಳಿ ಹೋದ್ರು. ಇವ್ರು ಕೇಳಿ ಮಾಡಿದ್ರು.’ ಒಂದು ಕ್ಷಣ ನನ್ನನ್ನು ನೋಡಿ ಸೇರಿಸಿದಳು, ‘ಈಕಿ ಸ್ವಲ್ಪ ತಡಾ ಮಾಡಿ ಕೇಳಿದ್ಲು.’

ಅಂಜೂರಿ ಒಂದು ಶಬ್ದವನ್ನೂ ಬಿಡದೆ ಇಂಗ್ಲಿಷಿಗೆ ತಂದಳು, ನಾನು ತಡ ಮಾಡಿದ್ದನ್ನೂ ಸೇರಿಸಿ. ಪರೀಕ್ಷಕರು ಕೈಪಿಡಿ ಮಡಚಿದರು. ಚಪ್ಪಲಿ ಬಾಗಿಲಾಚೆ ಬಿಟ್ಟು ಬಂದು, ರೇಷ್ಮೆ ಸೀರೆಯಲ್ಲೇ ಒಲೆಯ ಮುಂದೆ ನೆಲಕ್ಕೆ ಕುಳಿತರು. ‘ನನಗೂ ತೋರಿಸಿ’ ಎಂದರು. ನೀಲವ್ವ ರೊಟ್ಟಿ ಬಡಿದಳು, ನಿಲ್ಲಿಸಿದಳು, ಉಬ್ಬಿಸಿದಳು. ಆ ಹೆಂಗಸು ಒಂದು ತಿಂದು ಇನ್ನೊಂದು ಕೇಳಿದರು. ನಂತರ ನಮ್ಮ ವರದಿಯ ಮೇಲೆ ಅಲ್ಲಿಯೇ ಅಂಕ ಬರೆದರು. ಮುಂದೆ ಎಲ್ಲ ಹಳ್ಳಿಗಳ ಪರೀಕ್ಷೆ ಮುಗಿದಾಗ ಅಂಜೂರಿಗೆ ಕಾಲೇಜಿನಲ್ಲೇ ಮೊದಲ ಸ್ಥಾನ, ನನಗೆ ಎರಡನೆಯದು. ಎರಡನೆಯದು ಅಷ್ಟು ಸಂತೋಷ ಕೊಡುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಯರಗುಪ್ಪಿಯಿಂದ ಹೊರಟ ದಿನ ಬಸ್ಸಿನ ತನಕ ಕಳಿಸಲು ಹನ್ನೊಂದು ಮನೆಯವರೂ ಬಂದರು. ಅಂಜೂರಿ ಪ್ರತಿಯೊಬ್ಬರಿಗೂ ‘ಹೋಗಿ ಬರ್ತೀನಿ ಬೇ’ ಎಂದಳು, ಗೌಡರೊಬ್ಬರಿಗೆ ‘ಬರ್ತೀನ್ರಿ’ ಎಂದಳು. ಅದೇ ವರ್ಷ ಅವಳ ದೇಶದಲ್ಲಿ ಹಳ್ಳಿಯ ಹೆಂಗಸರ ನಡುವಿನ ಆ ಕೆಲಸ ಅವಳಿಗೆ ಸಿಕ್ಕಿತು.

ಆದರೆ ಅವಳು ಹೊರಡುವ ಮೊದಲು ಇನ್ನೊಂದು ನಡೆಯಿತು. ಕಮಲಾ ಮೇಡಂ ನೀಲವ್ವನನ್ನು ಕಾಲೇಜಿಗೆ ಪಾಠ ಹೇಳಲು ಕರೆಸಿದರು. ನೀಲವ್ವ ಎರಡು ಚೀಲ ಮಣ್ಣು ಬಸ್ಸಿನ ಮೇಲೆ ಹಾಕಿಸಿಕೊಂಡು, ಹೊಸ ಇಳಕಲ್ ಸೀರೆಯುಟ್ಟು ಬಂದಳು. ದೊಡ್ಡ ಕ್ಲಾಸಿನಲ್ಲಿ ಇಸ್ತ್ರಿ ಮಾಡಿದ ಸೀರೆಗಳ ಸಾಲು ಸಾಲು ಹುಡುಗಿಯರು, ಮುಂದಿನ ಬೆಂಚಿನಲ್ಲಿ ಪ್ರಾಧ್ಯಾಪಕರು. ಎಲ್ಲರೂ ನೋಟ್ಸ್ ಬರೆಯಲು ಪೆನ್ನು ತೆಗೆದರು. ಅನುವಾದಕ್ಕೆಂದು ಒಂದು ಬದಿಗೆ ಅಂಜೂರಿ, ಇನ್ನೊಂದು ಬದಿಗೆ ನಾನು. ನೀಲವ್ವ ಮೇಜಿನ ಹಿಂದೆ ನಿಲ್ಲಲಿಲ್ಲ. ಮಣ್ಣನ್ನು ನೆಲದ ಮೇಲೆ ಸುರಿದು, ನೀರು ಹಾಕಿ, ಸುತ್ತಲೂ ಒಮ್ಮೆ ನೋಡಿದಳು.

‘ಅಲ್ಲಿ ಕುಂತು ಏನ ಬರ್ಕೊತೀರಿ? ಎದ್ದ ಬರ್ರಿ. ಕೈ ಹಾಕ್ರಿ’ ಎಂದಳು.

ಹುಡುಗಿಯರು ಪ್ರಾಧ್ಯಾಪಕರನ್ನು ನೋಡಿದರು, ಪ್ರಾಧ್ಯಾಪಕರು ಒಬ್ಬರನ್ನೊಬ್ಬರು ನೋಡಿದರು. ಆಗ ಕಮಲಾ ಮೇಡಂ ಎದ್ದರು. ಕೈಗಡಿಯಾರ ಬಿಚ್ಚಿ ಬೆಂಚಿನ ಮೇಲೆ ಇಟ್ಟರು, ಬಳೆಗಳನ್ನು ಮೊಳಕೈ ತನಕ ಏರಿಸಿದರು, ನೀಲವ್ವನ ಎದುರಿಗೆ ಮಂಡಿಯೂರಿ ಕುಳಿತು ಎರಡೂ ಕೈಗಳನ್ನು ಮಣ್ಣಿನಲ್ಲಿ ಮುಳುಗಿಸಿದರು. ಹಿಂದೆ ಬೆಂಚುಗಳು ಸರಿಯುವ ಸದ್ದು ಕೇಳಿಸಿತು. ಒಬ್ಬೊಬ್ಬರಾಗಿ ಎದ್ದರು, ಆಮೇಲೆ ಎಲ್ಲರೂ ಒಟ್ಟಿಗೇ ಎದ್ದು ಬಂದರು.